ಮಾತಾಡಿ ತಂದ ನೀರು

ನನ್ನ ಬಾಯಿ ದೊಡ್ಡದು ಅಂತ ಊರಿಗೆಲ್ಲ ಗೊತ್ತು. ರವಿಕೆ ಅಳತೆ ಕೊಟ್ಟು ಐದು ನಿಮಿಷದಲ್ಲಿ ಹೊರಡುತ್ತೇನೆಂದು ಬಂದ ಹೆಂಗಸರು ಮಧ್ಯಾಹ್ನದ ಊಟದ ಹೊತ್ತಾದರೂ ನನ್ನ ಅಂಗಡಿಯ ಬೆಂಚಿನಿಂದ ಏಳುವುದಿಲ್ಲ. ನನ್ನ ಹೆಸರು ದೇವೀರಮ್ಮ. ಬೆನ್ನ ಹಿಂದೆ ಕರೆಯುವುದು ರೇಡಿಯೊ ದೇವೀರಮ್ಮ. ಅದಕ್ಕೆ ನನಗೇನೂ ಬೇಸರವಿಲ್ಲ. ನಮ್ಮೂರಿನಲ್ಲಿ ಬಾಯಿ ಜೋರಿದ್ದವರ ಮನೆಯ ನೀರು ಯಾವತ್ತೂ ಸಿಹಿಯಾಗಿರುತ್ತದೆ.

ಬಾಯಿ ಮುಚ್ಚಿಕೊಂಡು ಹೊತ್ತು ತಂದ ನೀರು ನಮ್ಮಲ್ಲಿ ಕಹಿಯಾಗುತ್ತದೆ. ಬಾವಿಯಿಂದ ಮನೆಯ ಹೊಸಿಲವರೆಗೆ ಮಾತಾಡುತ್ತಲೇ ಬರಬೇಕು. ಜೊತೆಗೆ ಯಾರಾದರೂ ಇದ್ದರೆ ಅವರೊಂದಿಗೆ, ಇಲ್ಲದಿದ್ದರೆ ಕೊಡದ ನೀರಿನೊಂದಿಗೇ. ಹತ್ತು ಹೆಜ್ಜೆ ಸುಮ್ಮನಿದ್ದರೆ ನೀರು ತಡೆದುಕೊಳ್ಳುತ್ತದೆ, ಹನ್ನೊಂದನೆಯದಕ್ಕೆ ಕೆಡುತ್ತದೆ. ಹಾಡು, ಮಗ್ಗಿ, ದೇವರ ನಾಮ ಯಾವುದೂ ನಡೆಯುವುದಿಲ್ಲ, ಮಾತೇ ಆಗಬೇಕು. ಒಮ್ಮೆ ಕಹಿಯಾದ ನೀರು ಆಮೇಲೆ ಎಷ್ಟು ಮುದ್ದು ಮಾಡಿದರೂ ಸರಿಹೋಗದು. ದೊಡ್ಡವರು ಕಣ್ಣು ಮುಚ್ಚಿ ಒಂದು ಲೋಟ ನುಂಗಬಹುದು, ಮಕ್ಕಳು ಗುಟುಕಿಗೇ ವಾಂತಿ ಮಾಡಿಕೊಳ್ಳುತ್ತವೆ. ಹಾಗಾಗಿ ನಮ್ಮೂರಲ್ಲಿ ಅತ್ತೆ ಸೊಸೆಯರ ಮುನಿಸು ಎರಡು ದಿನಕ್ಕಿಂತ ಹೆಚ್ಚು ನಡೆಯುವುದಿಲ್ಲ. ಜಗಳವಾಡುತ್ತಾ ತಂದರೂ ನೀರಿಗೆ ಅಡ್ಡಿಯಿಲ್ಲ, ಮಾತು ಬಿಟ್ಟರೆ ಮಾತ್ರ ಕಷ್ಟ.

ಭೂಮಿ ನಡುಗಿದ್ದು ಒಂದು ಮಂಗಳವಾರ ಬೆಳಗ್ಗೆ, ನಾನು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ. ನಮ್ಮೂರಿಗೆ ನಾಲ್ಕು ಗೋಡೆ, ಒಂದು ಗೋಪುರದ ಕಳಶ ಬಿಟ್ಟರೆ ಹೆಚ್ಚಿನ ನಷ್ಟವಾಗಲಿಲ್ಲ. ಪೂರ್ವಕ್ಕಿದ್ದ ಮೂರು ಹಳ್ಳಿಗಳು ಮಾತ್ರ ನೆಲಸಮವಾದವು. ಉಳಿದ ಮುನ್ನೂರು ಜನ ಹದಿನಾಲ್ಕು ಮೈಲಿ ದೂರದ ದಿಣ್ಣೆಯ ಮೇಲೆ, ಮುಚ್ಚಿಹೋಗಿದ್ದ ಹಂಚಿನ ಕಾರ್ಖಾನೆಯ ಶೆಡ್ಡುಗಳಲ್ಲಿ ಸೇರಿಕೊಂಡರು. ಆ ಕಡೆಯ ಬಾವಿಗಳ ತಳ ಬಿರಿದು ನೀರೆಲ್ಲ ಎತ್ತಲೋ ಇಳಿದುಹೋಗಿತ್ತು. ಹಳ್ಳದಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ.

ಪರಿಹಾರದ ಕೆಲಸಕ್ಕೆಂದು ಹೊರಗಿನಿಂದ ಒಬ್ಬರು ಸಾಹೇಬರು ಬಂದರು. ಪಾಪ, ಒಳ್ಳೆಯವರು. ಬಂದ ದಿನವೇ ಟ್ಯಾಂಕರ್ ತುಂಬಿಸಿ ಕಳಿಸಿದರು. ಚಾಲಕನೂ ಹೊರಗಿನವನು, ಹದಿನಾಲ್ಕು ಮೈಲಿ ಬೀಡಿ ಕಚ್ಚಿಕೊಂಡು ಹೋದ. ಶೆಡ್ಡಿನ ಜನ ಒಂದು ಗುಟುಕು ಕುಡಿದು ಅಷ್ಟನ್ನೂ ಚೆಲ್ಲಿದರು. ಸಾಹೇಬರು ನೀರನ್ನು ಶೀಷೆಗೆ ತುಂಬಿ ಪರೀಕ್ಷೆಗೆ ಕಳಿಸಿದರೆ ಎಲ್ಲ ಸರಿಯಾಗಿದೆ ಅಂತ ಬಂತು. ಮಾರನೆಯ ದಿನ ಯಾರೋ ವಿಷಯ ತಿಳಿಸಿದ ಮೇಲೆ ಟ್ಯಾಂಕರಿನೊಳಗೆ ರೇಡಿಯೊ ಹಾಕಿ ಕಳಿಸಿದರು. ಅದೂ ಕಹಿಯಾಯಿತು. ಮೂರನೆಯ ದಿನ ಅವರು ನನ್ನ ಅಂಗಡಿಯ ಮುಂದೆ ಬಂದು ನಿಂತರು.

"ಅಮ್ಮಾ, ಇಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡೋರು ನೀವೇ ಅಂತ ಕೇಳಿದೆ," ಎಂದರು.

"ಯಾರ್ ಹಂಗಂದಿದ್ದು?" ಎಂದು ಕೇಳಿದೆ. ಬೀದಿಯಲ್ಲಿ ನಿಂತಿದ್ದವರೆಲ್ಲ ಬೇರೆ ಕಡೆ ನೋಡಿದರು. ನಾನು ಕತ್ತರಿ ಕೆಳಗಿಟ್ಟು ಚಪ್ಪಲಿ ಮೆಟ್ಟಿದೆ.

ಆ ಒಡೆದ ದಾರಿಯಲ್ಲಿ ತುಂಬಿದ ಗಾಡಿ ಓಡಿಸಬಲ್ಲವನು ಊರಿಗೆ ಒಬ್ಬನೇ. ಅವನು ನನ್ನ ಮೈದುನ ಜವರಯ್ಯ. ಇಲ್ಲಿ ನನ್ನ ಮನೆಯ ವಿಷಯ ಸ್ವಲ್ಪ ಹೇಳಬೇಕು. ಜವರನೂ ನಮ್ಮ ಮನೆಯವರೂ ಅಣ್ಣತಮ್ಮಂದಿರು. ಇಬ್ಬರೂ ಒಂದೇ ಲಾರಿಯಲ್ಲಿ ಕ್ವಾರಿಯಿಂದ ಕಲ್ಲು ಸಾಗಿಸುತ್ತಿದ್ದರು. ಏಳು ವರ್ಷದ ಹಿಂದೆ ಒಂದು ದಿನ ಇಬ್ಬರೂ ಹೋದರು, ಸಂಜೆ ಜವರ ಒಬ್ಬನೇ ಅಣ್ಣನ ಹೆಣ ತಂದ. ಎದೆನೋವು ಬಂತು, ಹೋಗಿಬಿಟ್ಟ, ಅಷ್ಟೇ ಅಂದ. ಆಮೇಲೆ ಅವನ ಬಾಯಿಂದ ಹೂಂ, ಉಹೂಂ ಬಿಟ್ಟು ಮೂರನೆಯ ಮಾತು ಬಂದದ್ದನ್ನು ನಾನು ಕೇಳಲಿಲ್ಲ. ಹಿತ್ತಿಲ ಕೋಣೆಯಲ್ಲಿ ಒಬ್ಬನೇ ಇರುತ್ತಾನೆ. ತಟ್ಟೆಗೆ ಊಟ ಬಡಿಸಿ ಕಿಟಕಿಯಲ್ಲಿಟ್ಟರೆ ಉಂಡು, ತೊಳೆದು, ಅಲ್ಲೇ ಇಡುತ್ತಾನೆ. ಮಾತಾಡದವನು ನೀರು ತರುವುದು ಹೇಗೆ? ಏಳು ವರ್ಷದಿಂದ ಅವನ ಕೊಡವನ್ನೂ ನಾನೇ ತುಂಬಿದ್ದೇನೆ.

ಕೊನೆ ಗಳಿಗೆಯಲ್ಲಿ ಅವರು ಏನಂದರು, ನೋವು ತಿಂದರಾ, ನನ್ನನ್ನು ನೆನೆದರಾ ಎಂದು ಮೊದಲ ವರ್ಷವೆಲ್ಲ ಕೇಳಿದೆ. ಬೇಡಿಕೊಂಡೆ, ಬೈದೆ, ಒಂದು ಸಲ ಸೌಟು ಎಸೆದೆ. ಅವನು ತಲೆ ಬಗ್ಗಿಸಿಕೊಂಡು ಹೊರಗೆ ಹೋಗುತ್ತಿದ್ದ. ಮುಂದೆ ಕೇಳುವುದನ್ನು ಬಿಟ್ಟೆ. ತಿಳಿಯಬೇಕೆಂಬ ಆಸೆ ಮಾತ್ರ ಬಿಡಲಿಲ್ಲ. ರಾತ್ರಿ ದೀಪ ಆರಿಸುವಾಗಲೂ, ಬೆಳಗ್ಗೆ ಒಲೆ ಹಚ್ಚುವಾಗಲೂ ಅದೊಂದೇ ಪ್ರಶ್ನೆ ಎದೆಯೊಳಗೆ ಕೂತಿರುತ್ತಿತ್ತು.

ಇಂಥವನ ಪಕ್ಕದಲ್ಲಿ ಕೂತು ನಾನು ದಿನಕ್ಕೆರಡು ಸಲ, ಸಲಕ್ಕೆ ಎರಡೂವರೆ ಗಂಟೆ ಮಾತಾಡಬೇಕಿತ್ತು. ಮೊದಲ ದಿನ ಊರಿನ ಹೆಂಗಸರ ರವಿಕೆಗಳ ಕಥೆಯಲ್ಲೇ ಹದಿನಾಲ್ಕು ಮೈಲಿ ಮುಗಿಯಿತು. ಯಾರ ತೋಳು ದಪ್ಪವಾಯಿತು, ಯಾರು ಬೆನ್ನಿಗೆ ಕಿಟಕಿ ಇಡಿಸಿಕೊಂಡು ಗಂಡನ ಹತ್ತಿರ ಬೈಸಿಕೊಂಡರು, ಎಲ್ಲ ಹೇಳಿದೆ. ಎರಡನೆಯ ದಿನ ನನ್ನ ತವರಿನ ಮದುವೆಗಳು. ಮೂರನೆಯ ದಿನ ಹುಳಿ ಎಂದರೇನು, ಸಾರು ಎಂದರೇನು, ಎರಡನ್ನೂ ಕೆಡಿಸುವವರು ಯಾರು ಯಾರು. ಜವರ ಸ್ಟೇರಿಂಗು ಹಿಡಿದು ದಾರಿ ನೋಡುತ್ತಿದ್ದ. ಒಂದು ಸಲ, ನನ್ನ ಸೋದರತ್ತೆ ಮದುವೆ ಮನೆಯಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದು ಅದು ಕಚ್ಚುತ್ತದೆಂದು ಅವರಿಗೇ ಬೈದ ಕಥೆ ಹೇಳಿದಾಗ ಅವನ ಮೀಸೆ ಸ್ವಲ್ಪ ಅಲ್ಲಾಡಿದ ಹಾಗೆ ಕಂಡಿತು.

ಕಾರ್ಖಾನೆಯ ಅಂಗಳದಲ್ಲಿ ನಾವು ಬರುವ ಹೊತ್ತಿಗೆ ಕೊಡ, ಬಕೆಟ್ಟು, ಎಣ್ಣೆ ಡಬ್ಬ, ಪಾತ್ರೆಗಳ ಸಾಲು ದಿಣ್ಣೆಯ ಕೆಳಗಿನವರೆಗೂ ಇಳಿದಿರುತ್ತಿತ್ತು. ಹಾಲು ಕಾಯಿಸುವ ಪುಟ್ಟ ಪಾತ್ರೆಯನ್ನೂ ಸಾಲಿಗೆ ಇಟ್ಟಿದ್ದರು. ಮನೆ ಬಿದ್ದಾಗ ಅವರ ಕೈಗೆ ಸಿಕ್ಕಿದ್ದು ಅಷ್ಟೇ. ಮೊದಲ ಲೋಟ ಸಾಕವ್ವನಿಗೆ. ಎಂಬತ್ತು ದಾಟಿದ ಆ ಮುದುಕಿ ನೀರನ್ನು ನಾಲಗೆಯ ಮೇಲೆ ಹೊರಳಿಸಿ, ಕಣ್ಣು ಮುಚ್ಚಿ, ನುಂಗಿ, "ಹಿಡೀರಿ" ಎಂದ ಮೇಲೇ ಸಾಲು ಅಲ್ಲಾಡುತ್ತಿದ್ದದ್ದು. ಸಾಲಿಗೆ ಬರಲಾಗದವಳು ಚೆಲುವಿ ಒಬ್ಬಳು. ಭೂಮಿ ನಡುಗಿದ ಮೂರನೆಯ ದಿನ ಅದೇ ಶೆಡ್ಡಿನಲ್ಲಿ ಅವಳಿಗೆ ಹೆರಿಗೆಯಾಗಿತ್ತು. ಗಂಡ ಮಣ್ಣಿನಡಿ ಹೋಗಿದ್ದ. ಅವಳ ಪಾಲಿನ ನೀರನ್ನು ನಾನೇ ಒಳಗೆ ತೆಗೆದುಕೊಂಡು ಹೋಗುತ್ತಿದ್ದೆ. ಟ್ಯಾಂಕರಿನಿಂದ ಅವಳ ಚಾಪೆಯವರೆಗೆ ನಲವತ್ತು ಹೆಜ್ಜೆ, ಅಷ್ಟಕ್ಕೂ ಮಾತು ಬೇಕಲ್ಲ. ಮಗುವಿನ ಮೂಗು ಯಾರ ಹಾಗಿದೆ ಎಂದು ದಿನಾ ಒಬ್ಬೊಬ್ಬರ ಹೆಸರು ಹೇಳಿಕೊಂಡು ಹೋಗುತ್ತಿದ್ದೆ. ಅವಳು ಅಷ್ಟು ದುಃಖದಲ್ಲೂ ನಗುತ್ತಿದ್ದಳು.

"ನಿಮ್ ನೀರ್ ಕುಡುದ್ರೆ ಎದೇಲಿ ಹಾಲು ಬತ್ತದೆ ಕಣಕ್ಕ," ಎಂದಿದ್ದಳು ಒಂದು ದಿನ. ಆ ಮಾತಿಗೆ ನನಗೆ ಬಂದ ಸಂತೋಷ ಅಷ್ಟಿಷ್ಟಲ್ಲ. ನನ್ನ ಬಾಯಿಯಿಂದ ಯಾರಿಗಾದರೂ ಇಷ್ಟು ಉಪಯೋಗವಾದದ್ದು ಅದೇ ಮೊದಲು.

ಹತ್ತನೆಯ ದಿನದ ಹೊತ್ತಿಗೆ ನನ್ನ ಗಂಟಲು ಕೆಟ್ಟಿತು. ದಾರಿಯ ಧೂಳು, ಎಡೆಬಿಡದ ಮಾತು. ಶುಂಠಿ ಕಷಾಯ ಕುಡಿದೆ, ಮೆಣಸು ಜಗಿದೆ, ಕತ್ತಿಗೆ ಬಟ್ಟೆ ಸುತ್ತಿಕೊಂಡೆ. ಯಾರಿಗಾದರೂ ಹೇಳಿದ್ದರೆ ನನ್ನ ಜೊತೆಗೆ ಇನ್ನೊಬ್ಬರನ್ನು ಕಳಿಸುತ್ತಿದ್ದರು. ನಾನು ಹೇಳಲಿಲ್ಲ. ರೇಡಿಯೊ ದೇವೀರಮ್ಮನ ಬಾಯಿ ಸೋತಿತಂತೆ ಎಂದು ಬಾವಿಕಟ್ಟೆಯಲ್ಲಿ ಆಡಿಕೊಳ್ಳುವುದು ನನಗೆ ಬೇಡವಾಗಿತ್ತು. ನನ್ನ ಜಂಬಕ್ಕೆ ಬೆಂಕಿ ಹಾಕ.

ಹನ್ನೊಂದನೆಯ ದಿನ ಭೂಮಿ ಮತ್ತೊಮ್ಮೆ ಅಲ್ಲಾಡಿ ದಾರಿಗೆ ಬಂಡೆ ಉರುಳಿತು. ಆ ದಿನ ಟ್ಯಾಂಕರ್ ಹೋಗಲಾಗಲಿಲ್ಲ. ಹನ್ನೆರಡನೆಯ ದಿನ ಬೆಳಗ್ಗೆ ಬಂಡೆ ತೆಗೆದರು. ಶೆಡ್ಡಿನಲ್ಲಿ ಹಿಂದಿನ ಸಂಜೆಯೇ ನೀರು ಮುಗಿದಿತ್ತು, ಜೇಡಿಮಣ್ಣಿನ ಗುಂಡಿಯ ನೀರು ಕುಡಿದು ಕೆಲವು ಮಕ್ಕಳಿಗೆ ಭೇದಿ ಶುರುವಾಗಿತ್ತು ಎಂದು ಅಲ್ಲಿಂದ ನಡೆದು ಬಂದವನೊಬ್ಬ ಹೇಳಿದ. ಚೆಲುವಿಗೆ ಹಾಲು ಇಳಿಯುತ್ತಿಲ್ಲ, ಮಗು ಬೆಳಗಿನ ಜಾವದಿಂದ ಅಳುವುದನ್ನೂ ನಿಲ್ಲಿಸಿದೆ ಎಂದ. ನಾವು ತಿಂಡಿ ತಿನ್ನದೆ ಹೊರಟೆವು.

ಮೊದಲ ಮೂರು ಮೈಲಿ ಹೇಗೋ ಮಾತಾಡಿದೆ. ಸ್ವರ ಒಡೆದ ಮಡಕೆಯಂತಿತ್ತು. ನಾಲ್ಕನೆಯ ಮೈಲಿಯ ಹತ್ತಿರ, ಬಿದ್ದುಹೋದ ಮೊದಲ ಹಳ್ಳಿಯ ಹೆಬ್ಬಾಗಿಲು ದಾಟುವಾಗ, ಮಾತಿನ ಮಧ್ಯದಲ್ಲೇ ದನಿ ನಿಂತುಹೋಯಿತು. ಬಾಯಿ ತೆರೆದೆ, ಗಾಳಿ ಬಂತು. ಪಿಸುಮಾತು ಕೂಡ ಹೊರಡಲಿಲ್ಲ. ಸುತ್ತ ನೋಡಿದೆ. ಕರೆದು ಹತ್ತಿಸಿಕೊಳ್ಳೋಣವೆಂದರೆ ಆ ದಾರಿಯ ಜನರೆಲ್ಲ ನಮಗಾಗಿ ದಿಣ್ಣೆಯ ಮೇಲೆ ಕಾಯುತ್ತಿದ್ದರು.

ಜವರನ ಭುಜಕ್ಕೆ ಹೊಡೆದೆ. ಅವನು ತಿರುಗಿದ. ನನ್ನ ಗಂಟಲು ತೋರಿಸಿದೆ, ಹಿಂದಿನ ಟ್ಯಾಂಕು ತೋರಿಸಿದೆ, ಅವನ ಬಾಯಿ ತೋರಿಸಿದೆ. ಅವನು ತಲೆ ಅಡ್ಡಡ್ಡ ಆಡಿಸಿದ. ಲಾರಿಯಲ್ಲಿ ಹೆಜ್ಜೆ ಎಣಿಸಲು ಬರುವುದಿಲ್ಲವೆಂದು ನಾವು ಉಸಿರು ಎಣಿಸುತ್ತಿದ್ದೆವು, ಐದು ಉಸಿರು ಮೀರುವಂತಿಲ್ಲ. ನಾನು ಬೆರಳು ಮಡಚತೊಡಗಿದೆ. ಒಂದು. ಎರಡು. ಮೂರು. ಅವನು ನನ್ನ ಬೆರಳು ನೋಡಿದ, ದಾರಿ ನೋಡಿದ. ನಾಲ್ಕು.

"ಇಲ್ಲೊಂದ್ ಗುಂಡಿ ಐತೆ," ಎಂದ.

ಏಳು ವರ್ಷದ ಮೇಲೆ ಕೇಳಿದ ದನಿ. ತುಕ್ಕು ಹಿಡಿದ ಬಾಗಿಲಿನಂತಿತ್ತು. ನಾನು ಕೈಯಾಡಿಸಿ, ಹೇಳು, ಹೇಳು ಎಂದು ಸನ್ನೆ ಮಾಡಿದೆ.

"ಗುಂಡಿ ಐತೆ. ಎಡಕ್ ತಿರುಗಿಸ್ತಾ ಇವ್ನಿ. ಎರಡನೇ ಗೇರು ಹಾಕ್ದೆ. ಅಲ್ಲೊಂದ್ ಕಲ್ಲು. ಇನ್ನೊಂದ್ ಕಲ್ಲು. ಅದು... ಅದೂ ಕಲ್ಲೇ."

ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಐದು ಮೈಲಿ ಹೀಗೇ ನಡೆಯಿತು. ದಾರಿಯ ಪ್ರತಿ ಗುಂಡಿ, ಪ್ರತಿ ಕಲ್ಲು, ಬ್ರೇಕು, ಕ್ಲಚ್ಚು, ಬಿಸಿಲು, ಒಂದು ಕಾಗೆ. ಕಂಡದ್ದನ್ನೆಲ್ಲ ನೀರಿಗೆ ಒಪ್ಪಿಸಿದ. ಒಂಬತ್ತನೆಯ ಮೈಲಿಯ ಹತ್ತಿರ ದಾರಿ ಬಟ್ಟಬಯಲಿಗೆ ಬಿತ್ತು. ಅಲ್ಲಿ ಗುಂಡಿಯಿಲ್ಲ, ಕಲ್ಲಿಲ್ಲ, ತಿರುವಿಲ್ಲ. ಅವನ ಮಾತು ಕುಂಟತೊಡಗಿತು. "ಬಯಲು," ಎಂದ. ಎರಡು ಉಸಿರಿನ ಮೇಲೆ ಮತ್ತೆ, "ಬಯಲು" ಎಂದ. ಮತ್ತೆ ನಿಂತ. ನಾನು ಬೆರಳು ಮಡಚತೊಡಗಿದೆ.

"ಅತ್ಗೆ, ನನ್ ತಾವ ಬೇರೆ ಮಾತಿಲ್ಲ," ಎಂದ. "ಇರಾದು ಅದೊಂದೇ."

ನಾನು ಬೆರಳು ಮಡಚುವುದನ್ನು ನಿಲ್ಲಿಸಿದೆ.

"ಅವತ್ತು ಹಿಂಗೇ ಬಯಲಾಗೆ ಲಾರಿ ನಿಂತೋಯ್ತು. ಆಕ್ಸಲ್ಲು ಮುರುದಿತ್ತು. ಅಣ್ಣಂಗೆ ಬೆಳಿಗ್ಗಿಂದ್ಲೇ ಎದೆ ಹಿಡ್ಕಂಡಿತ್ತು, ನಿಂಗ್ ಹೇಳ್ಬ್ಯಾಡ ಅಂದಿದ್ದ. ನೆಳ್ಳಲ್ಲಿ ಮಲಗುಸ್ದೆ. ನೀರು ಬೇಕು ಅಂದ. ಕ್ಯಾನು ಖಾಲಿ. ಒರತೆ ಇದ್ದಿದ್ದು ಒಂದ್ ಮೈಲಿ ಆಚೆ. ಚೊಂಬು ತಗಂಡು ಓಡ್ದೆ ಅತ್ಗೆ. ತುಂಬುಸ್ಕಂಡು ವಾಪಸ್ ಓಡ್ದೆ. ಮಾತಾಡ್ಬೇಕು ಅಂತ ಗೊತ್ತಿತ್ತು. ಅಣ್ಣಾ ಅಣ್ಣಾ ಅನ್ಕಂಡೇ ಹೊರಟೆ. ಸ್ವಲ್ಪ ದೂರಕ್ಕೆ ಅದೂ ಬರದಂಗಾಯ್ತು. ಹೆದ್ರಿಕೆಗೆ ನಾಲ್ಗೆ ಒಳಗೇ ಹೋಗ್ಬುಡ್ತು. ಒಂದ್ ಮಾತು ಇಲ್ದೆ ಬಂದೆ."

ಲಾರಿ ನಿಧಾನವಾಗಿತ್ತು. ಅವನ ಕಣ್ಣಿನಿಂದ ನೀರು ಇಳಿದು ಮೀಸೆಗೆ ಸೇರುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಹತ್ರಕ್ ಬಂದು ರುಚಿ ನೋಡ್ದೆ. ಬೇವಿನ್ ಕಷಾಯ. ಮತ್ತೆ ಓಡಾಣ ಅಂದ್ರೆ ಅಣ್ಣನ ತುಟಿ ನೀಲಿಯಾಗಿತ್ತು. ಹೊತ್ತಿರ್ಲಿಲ್ಲ. ಕುಡಿಸ್ಬುಟ್ಟೆ ಅತ್ಗೆ. ಒಡಹುಟ್ದವನ ಕೊನೇ ನೀರು, ಕಹಿ ನೀರು ಕುಡಿಸ್ದೆ ನಾನು. ಇದ್ನ ಯಾವ್ ಬಾಯಲ್ಲಿ ನಿಂಗೇಳ್ಲಿ?"

ಹೇಳು ಎಂದು ಅವನ ತೋಳು ಹಿಡಿದೆ. ಟ್ಯಾಂಕಿನ ನೀರಿನ ನೆನಪು ಆ ಗಳಿಗೆಯಲ್ಲಿ ನನಗಿರಲಿಲ್ಲ, ನಿಜ ಹೇಳುತ್ತೇನೆ. ಅದು ಅವನಿಗಿತ್ತು. ಉಸಿರು ಎಳೆದುಕೊಂಡು ಮುಂದುವರಿಸಿದ.

"ಒಂದ್ ಹನಿ ಬಿಡದಂಗೆ ಕುಡ್ದ. ಮೂತಿ ಕೂಡ ಸೊಟ್ಟ ಮಾಡ್ಲಿಲ್ಲ. ಬಾಯ್ ಒರೆಸ್ಕಂಡು, ಸಿಹಿಯಾಗೈತೆ ಕಣ್ಲಾ ಜವರ ಅಂದ. ದಾರೀಲಿ ಏನ್ ಮಾತಾಡ್ಕಂಡ್ ಬಂದೆ ಅಂತ ಕೇಳ್ದ. ಅತ್ಗೆ ವಿಷ್ಯ ಅಂದೆ. ಸುಳ್ಳೇಳ್ದೆ. ಅಣ್ಣ ನಕ್ಕ. ಅವ್ಳು ಬಂದಿದ್ರೆ ಸಮುದ್ರದ್ ನೀರೂ ಸಿಹಿಯಾಗ್ತಿತ್ತು ಕಣ್ಲಾ ಅಂದ. ಅವ್ಳ್ ಮಾತು ಕೇಳ್ಕಂಡ್ ನಿದ್ದೆ ಮಾಡಿ ಮಾಡಿ ಅಭ್ಯಾಸ ಆಗೋಗೈತೆ, ಇಲ್ಲಿ ಬಲು ಸುಮ್ಕೈತೆ ಅಂದ. ಅಷ್ಟೇ ಅತ್ಗೆ. ನನ್ ತೊಡೆ ಮ್ಯಾಲೆ ಹೋದ. ನಗ್ತಾನೇ ಹೋದ."

ನಾನು ಅತ್ತೆ. ದನಿಯಿಲ್ಲದೆ ಅಳುವುದು ಎಷ್ಟು ಕಷ್ಟ ಎಂದು ಅಳುವವರಿಗೇ ಗೊತ್ತು. ಏಳು ವರ್ಷ ಬಾಗಿಲಾಚೆ ನಿಂತು ತಟ್ಟಿದ್ದು ಈಗ ತೆರೆದಿತ್ತು, ಒಳಗೆ ನಮ್ಮ ಮನೆಯವರು ನಗುತ್ತಾ ಕೂತಿದ್ದರು. ಅವರಿಗೆ ಕಹಿ ತಿಳಿದಿರಲೇಬೇಕು. ಸಾರಿಗೆ ಅರ್ಧ ಚಿಟಿಕೆ ಉಪ್ಪು ಹೆಚ್ಚಾದರೂ ಹುಬ್ಬೇರಿಸುತ್ತಿದ್ದ ಮನುಷ್ಯ. ತಮ್ಮನ ಮುಖ ನೋಡಿ ಅಷ್ಟನ್ನೂ ಕುಡಿದು ಸಿಹಿ ಎಂದಿದ್ದರು. ಇದನ್ನು ಜವರನಿಗೆ ಹೇಳಬೇಕಿತ್ತು. ನಿನ್ನ ತಪ್ಪೇನೂ ಇಲ್ಲಪ್ಪ, ಅವರು ನಿನ್ನನ್ನು ಎಂದೋ ಕ್ಷಮಿಸಿದ್ದರು ಎನ್ನಬೇಕಿತ್ತು. ಬಾಯಿ ದೊಡ್ಡದೆಂದು ಊರೆಲ್ಲ ಹೆಸರಾದವಳಿಗೆ ಬೇಕಾದ ಹೊತ್ತಿಗೆ ಒಂದು ಮಾತು ಬರಲಿಲ್ಲ. ಅವನ ಬೆನ್ನು ಸವರಿದೆ. ಸವರುತ್ತಲೇ ಹೋದೆ. ಅವನು ಅಣ್ಣನ ವಿಷಯ ಹೇಳುತ್ತಲೇ ಇದ್ದ. ಚಿಕ್ಕಂದಿನಲ್ಲಿ ಈಜು ಕಲಿಸಿದ್ದು, ಮೊದಲ ಸಲ ಸ್ಟೇರಿಂಗು ಕೊಟ್ಟಿದ್ದು, ನನ್ನನ್ನು ನೋಡಲು ಬಂದ ದಿನ ಅಣ್ಣ ಮೂರು ಸಲ ಮುಖ ತೊಳೆದದ್ದು. ದಿಣ್ಣೆ ಹತ್ತಿದ್ದು ನನಗೆ ತಿಳಿಯಲೇ ಇಲ್ಲ.

ಅಂಗಳದಲ್ಲಿ ಜನ ಓಡಿ ಬರಲಿಲ್ಲ. ಓಡುವ ಶಕ್ತಿ ಇರಲಿಲ್ಲ. ಸಾಲಿಗೆ ಇಟ್ಟ ಕೊಡಗಳ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದರು. ಸಾಕವ್ವನನ್ನು ಇಬ್ಬರು ಎತ್ತಿಕೊಂಡು ಬಂದರು. ಜವರ ನಲ್ಲಿ ತಿರುಗಿಸಿ ಲೋಟ ತುಂಬಿ ಅವಳ ತುಟಿಗೆ ಹಿಡಿದ. ದಾರಿಯಲ್ಲಿ ಎಷ್ಟು ಸಲ ತಡವರಿಸಿದ್ದ, ಎಷ್ಟು ಸಲ ಅಳು ಮಾತನ್ನು ನುಂಗಿತ್ತು, ಎಣಿಸಿದವರು ಯಾರು? ಮುದುಕಿ ನೀರನ್ನು ನಾಲಗೆಗೆ ಬಿಟ್ಟುಕೊಂಡಳು. ಹೊರಳಿಸಿದಳು. ಕಣ್ಣು ಮುಚ್ಚಿದಳು. ಎಂದಿಗಿಂತ ಹೆಚ್ಚು ಹೊತ್ತು ಮುಚ್ಚಿಯೇ ಇದ್ದಳು. ಜವರ ಲಾರಿಯ ಬಾಗಿಲು ಹಿಡಿದುಕೊಂಡ.

"ಇವತ್ ಯಾರು ಮಾತಾಡಿದ್ದು?" ಎಂದು ಕೇಳಿದಳು.

ನಾನು ಜವರನನ್ನು ತೋರಿಸಿದೆ.

"ಇಷ್ಟ್ ದಿನದಾಗೆ ಹಿಂಗಿದ್ದಿಲ್ಲ ಕಣಪ್ಪ," ಎಂದಳು ಸಾಕವ್ವ. "ಹಿಡೀರಿ, ಹಿಡೀರಿ, ಮೊದ್ಲು ಬಾಣಂತಿಗ್ ಕೊಡಿ."

ಬೇರೆ ದಿನವಾಗಿದ್ದರೆ ಆ ಮಾತಿಗೆ ನನಗೆ ಉರಿಯುತ್ತಿತ್ತು. ಚೊಂಬು ತುಂಬಿ ಜವರನ ಕೈಗಿಟ್ಟು, ಒಳಗೆ ಮಲಗಿದ್ದ ಚೆಲುವಿಯ ಕಡೆ ಬೆರಳು ಮಾಡಿದೆ. ಅವನು ಚೊಂಬು ನೋಡಿದ, ನನ್ನನ್ನು ನೋಡಿದ, ಹಿಂದೆ ಸರಿಯಲು ನೋಡಿದ. ನಾನು ಬೆನ್ನಿಗೆ ಕೈ ಹಾಕಿ ನೂಕಿದೆ. ಎರಡೂ ಕೈಯಲ್ಲಿ ಚೊಂಬು ಹಿಡಿದು ನಲವತ್ತು ಹೆಜ್ಜೆ ನಡೆದ. "ಬಂದೆ ತಾಯಿ, ಬಂದೆ, ನೀರ್ ತಂದಿವ್ನಿ, ಎಚ್ರ ಇರು, ಕೂಸಿನ್ ಮೊಕ ನೋಡು, ಬಂದೇ ಬುಟ್ಟೆ," ಎಂದು ಒಂದೇ ಸಮನೆ ಹೇಳುತ್ತಾ ನಡೆದ. ಚೆಲುವಿ ಎದ್ದು ಕೂತು ಗಟಗಟ ಕುಡಿದಳು. ಚೊಂಬು ಕೆಳಗಿಳಿಸಿದವಳು ಅವನನ್ನೇ ನೋಡಿ, "ಸಿಹಿಯಾಗೈತೆ ಅಣ್ಣ," ಎಂದಳು. ಜವರ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಎರಡನೆಯ ಚೊಂಬು ಕುಡಿದು ಸ್ವಲ್ಪ ಹೊತ್ತಾದ ಮೇಲೆ ಅವಳು ಮಗುವನ್ನು ಎದೆಗೆ ಹಾಕಿಕೊಂಡಳು. ಮೊದಲು ಅದು ಬಾಯಿ ತೆರೆಯಲಿಲ್ಲ. ನಾವೆಲ್ಲ ಸುತ್ತ ನಿಂತು ಕಾದೆವು. ಆಮೇಲೆ ತುಟಿ ಆಡಿತು, ಹಿಡಿಯಿತು, ಒಂದು ಗಳಿಗೆ ಚೀಪಿ ಬಿಟ್ಟು, ಇನ್ನೂ ಬೇಕೆಂದು ಶೆಡ್ಡು ಹಾರುವಂತೆ ಕಿರುಚಿತು. ಆ ಕಿರುಚಾಟ ಕೇಳಿ ಸಾಲಿನಲ್ಲಿದ್ದವರೆಲ್ಲ ನಕ್ಕರು.

ಸಂಜೆ ನಾಲ್ಕಕ್ಕೆ ಕೊನೆಯ ಡಬ್ಬ ತುಂಬಿ ನಲ್ಲಿ ಬಿಗಿದು ಹೊರಟೆವು. ಖಾಲಿ ಟ್ಯಾಂಕು ದಾರಿಯುದ್ದಕ್ಕೂ ಡಬಡಬ ಬಡಿದುಕೊಳ್ಳುತ್ತಿತ್ತು. ನನಗೆ ಇನ್ನೂ ದನಿ ಬಂದಿರಲಿಲ್ಲ. ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದೆ. ಬಯಲು ಬಂತು.

"ಅತ್ಗೆ," ಎಂದ ಜವರ, "ನಿಮ್ ಮದ್ವೇಲಿ ಅಣ್ಣ ಏನ್ ಮಾಡ್ದ ಗೊತ್ತಾ?"

ನಾನು ತಲೆ ಅಡ್ಡಡ್ಡ ಆಡಿಸಿದೆ. ಗೊತ್ತಿತ್ತು, ಆದರೂ ಗೊತ್ತಿಲ್ಲವೆಂದೆ. ಅವನು ಹೇಳತೊಡಗಿದ. ಊರು ಮುಟ್ಟುವವರೆಗೂ ಅವನು ಮಾತು ನಿಲ್ಲಿಸಲಿಲ್ಲ.